ಕತ್ತರಿಸೋರು ಇದ್ದಾರಲ್ಲ

ಗಾಜಿನ ಅಂಗಡಿ ಕೊಂಡ ಸುದ್ದಿಯನ್ನು ಸ್ಟೋರ್‌ಕೀಪರ್ ಮನೆಯಲ್ಲಿ ಹೇಳಿದ್ದು ಭಾನುವಾರದ ಊಟದ ಹೊತ್ತಿನಲ್ಲಿ, ಎರಡನೆಯ ಸಲ ಅನ್ನ ಹಾಕಿಸಿಕೊಳ್ಳುವಾಗ. ಉಪ್ಪಿನ ಡಬ್ಬಿ ಇತ್ತ ಸರಿಸು ಅನ್ನುವಷ್ಟು ಸಲೀಸಾಗಿ ಹೇಳಿದ.

“ಮಾರ್ಕೆಟ್ಟಿನ ಹಿಂದೆ ಗಾಜಿನ ಅಂಗಡಿ ಇದೆಯಲ್ಲ, ಅದನ್ನ ತಗೊಂಡೆ.”

ಅಡುಗೆಮನೆಯ ಕಿಟಕಿಯ ಗಾಜು ಬಿರುಕುಬಿಟ್ಟು ಬಹಳ ದಿನವಾಗಿತ್ತು. ಹೆಂಡತಿ ಅದೇ ಗುಂಗಿನಲ್ಲಿ, “ಅಳತೆ ಸರಿಯಾಗಿ ಕೊಟ್ರಾ?” ಎಂದಳು.

“ಗಾಜಲ್ಲ ಕಣೇ. ಅಂಗಡೀನೇ.”

ಅವಳ ಕೈಯ ಸೌಟು ಪಾತ್ರೆಯೊಳಗೇ ನಿಂತಿತು.

ಅವನು ಪಂಪು ತಯಾರಿಸುವ ಕಂಪನಿಯೊಂದರಲ್ಲಿ ಮೀಸೆ ಚಿಗುರಿದಾಗಿನಿಂದ ತಲೆ ನರೆಯುವವರೆಗೂ ಸ್ಟೋರ್ ನೋಡಿಕೊಂಡವನು. ಕಂಪನಿ ಬಾಗಿಲು ಹಾಕಿ, ಎಲ್ಲರ ಕೈಗೂ ಒಂದು ಗಂಟು ಹಣ ಕೊಟ್ಟು ಕಳಿಸಿತ್ತು. ಕೆಲಸ ಹೋದರೂ ಬೀದಿಯವರ ಬಾಯಲ್ಲಿ ಅವನು ಸ್ಟೋರ್‌ಕೀಪರೇ. ಹೆಂಡತಿ ಮನೆಯ ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುತ್ತಿದ್ದಳು. ಅವಳು ಎಲ್ಲರಿಗೂ ಟೈಲರಮ್ಮ. ಮಗಳು ಹಲ್ಲಿನ ಡಾಕ್ಟರ ಬಳಿ ಫೋನ್ ಎತ್ತಿ ರೋಗಿಗಳಿಗೆ ಸಮಯ ಗೊತ್ತುಮಾಡುವ ಕೆಲಸದಲ್ಲಿದ್ದಳು. ಅವನ ತಾಯಿ, ಎಂಬತ್ತರ ಹತ್ತಿರದ ಅಜ್ಜಿ, ಬಾಗಿಲ ಪಕ್ಕದ ಬೆತ್ತದ ಕುರ್ಚಿಯಲ್ಲಿ ಕೂತು ಬಂದವರು ಹೋದವರ ಮೇಲೆಲ್ಲ ಒಂದು ಕಣ್ಣಿಟ್ಟಿರುತ್ತಿದ್ದಳು.

ಮಗಳು ತಟ್ಟೆಯಿಂದ ತಲೆಯೆತ್ತಿದಳು. “ಅಪ್ಪಾ, ನಿನಗೆ ಗಾಜು ಕತ್ತರಿಸೋಕೆ ಬರುತ್ತಾ?”

“ನಾನ್ಯಾಕೆ ಕತ್ತರಿಸಬೇಕು? ಕತ್ತರಿಸೋರು ಇದ್ದಾರಲ್ಲ. ಒಬ್ಬ ಮೇಸ್ತ್ರಿ, ಅವನ ಕೈಕೆಳಗೆ ಇನ್ನೊಬ್ಬ. ಇಬ್ಬರೂ ಹಳಬರು. ಅಂಗಡಿ ಜೊತೆಗೇ ಬರ್ತಾರೆ.”

“ಮೇಜು ಕುರ್ಚಿ ಬಂದ ಹಾಗಾ?”

“ನೋಡು, ಆಸ್ಪತ್ರೆ ಕಟ್ಟಿಸಿದವನು ಆಪರೇಷನ್ ಮಾಡ್ತಾನಾ? ನಡೆಸೋದು ಬೇರೆ, ಮಾಡೋದು ಬೇರೆ. ನಾನು ಒಂದೊಂದು ಬೋಲ್ಟಿಗೂ ಲೆಕ್ಕ ಇಟ್ಟವನು. ನಡೆಸೋಕೆ ಬರುತ್ತೆ ನನಗೆ.”

“ಮಾಡಲ್ಲಪ್ಪ,” ಅಂದಳು ಅಜ್ಜಿ, ಮೆತ್ತಗೆ ಅಗಿಯುತ್ತಾ. “ಆದ್ರೆ ಡಾಕ್ಟರು ಮುನಿಸಿಕೊಂಡು ಎದ್ದುಹೋದ ದಿನ, ಕುಯ್ದಿಟ್ಟ ಹೊಟ್ಟೆ ಹೊಲಿಯೋಕೆ ಅವನೇ ಸೂಜಿ ಹಿಡೀಬೇಕಾಗುತ್ತೆ.”

ಮಗಳಿಗೆ ನಗು ಬಂತು. ಹೆಂಡತಿಗೆ ಬರಲಿಲ್ಲ. “ಬಂದದ್ದೆಲ್ಲಾ ಹಾಕಿಬಿಟ್ರಾ?” ಎಂದು ಕೇಳಿದಳು.

“ಒಂಚೂರು ಉಳಿದಿದೆ.”

“ನನ್ನನ್ನ ಒಂದು ಮಾತು ಕೇಳಬೇಕು ಅನ್ನಿಸಲಿಲ್ವಾ?”

“ಕೇಳಿದ್ರೆ ನೀನು ಬೇಡ ಅಂತಿದ್ದೆ.”

ಅದು ನಿಜವಾಗಿತ್ತು. ಅವಳು ಬೇಳೆಯ ಪಾತ್ರೆ ಮುಚ್ಚಿ ಒಳಗೆ ಹೋದಳು. ಅವನು ಬರೀ ಅನ್ನವನ್ನೇ ಕಲಸಿಕೊಂಡು ತಿಂದ.

ಮೊದಲ ವಾರಗಳು ಚೆನ್ನಾಗಿಯೇ ಹೋದವು. ಅಂಗಡಿ ಉದ್ದನೆಯ ಕತ್ತಲು ಕೋಣೆ. ಎರಡೂ ಗೋಡೆಗೆ ಮರದ ಸ್ಟ್ಯಾಂಡುಗಳು, ಅವುಗಳಲ್ಲಿ ಗೋಡೆಗೊರಗಿ ನಿಂತ ಗಾಜಿನ ಹಾಳೆಗಳು, ನಡುವೆ ಕಂಬಳಿ ಹೊದಿಸಿದ ದೊಡ್ಡ ಮೇಜು. ಬಾಗಿಲ ಹತ್ತಿರ ಅವನು ಹೊಸ ಕುರ್ಚಿ ಹಾಕಿಸಿಕೊಂಡ. ಗಿರಾಕಿ ಬಂದರೆ ಅಳತೆ ಬರೆದುಕೊಳ್ಳುತ್ತಿದ್ದ. ಮೇಸ್ತ್ರಿ ಕಟರನ್ನು ಸೀಮೆಎಣ್ಣೆಯಲ್ಲಿ ಅದ್ದಿ ಒಂದು ಗೀರು ಎಳೆಯುತ್ತಿದ್ದ. ಕೆಳಗಿನಿಂದ ಒಂದು ತಟ್ಟು, ಮೇಜಿನ ಅಂಚಿಗೆ ತಂದು ಒಂದು ಅದುಮು, ಗಾಜು ಎರಡಾಗುತ್ತಿತ್ತು. ನೋಡಿದರೆ ಮಕ್ಕಳೂ ಮಾಡಬಹುದು ಅನ್ನಿಸುವಷ್ಟು ಸುಲಭ. ಸಂಜೆ ಊಟಕ್ಕೆ ಕೂತರೆ ಅವನ ಬಾಯಲ್ಲಿ ಬರೀ ಅದೇ ಮಾತು. ಕಿಟಕಿಗೆ ಇಷ್ಟು ದಪ್ಪ, ಮೇಜಿಗೆ ಇಷ್ಟು ದಪ್ಪ, ಮೆಟ್ಟಿಲ ಕಟಕಟೆಗೆ ಬೇರೆಯದೇ ಜಾತಿ.

“ನನ್ನ ಕನ್ನಡಕ ಯಾವ ಜಾತಿ ಹೇಳಪ್ಪ,” ಅನ್ನುತ್ತಿದ್ದಳು ಅಜ್ಜಿ. “ಬೇಳೆಯಲ್ಲಿ ಕಲ್ಲು ಕಾಣ್ತಿಲ್ಲ.”

ತೊಂದರೆ ಶುರುವಾಗಿದ್ದು ಅವನಿಗೆ ಚೆನ್ನಾಗಿ ಗೊತ್ತಿದ್ದ ಕೆಲಸದಿಂದಲೇ. ಸ್ಟೋರಿನಲ್ಲಿ ಬದುಕು ಕಳೆದವನಿಗೆ, ಹತ್ತು ಅಳತೆಯ ಗಾಜು ಒಂದೇ ಸ್ಟ್ಯಾಂಡಿನಲ್ಲಿ ಬೆರೆತು ನಿಂತಿರುವುದು ಕಣ್ಣಿಗೆ ಚುಚ್ಚುತ್ತಿತ್ತು. ವಾರದ ರಜೆಯ ದಿನ ಇಬ್ಬರು ಕೂಲಿಯವರನ್ನು ಕರೆದುಕೊಂಡು ಹೋಗಿ, ಗಾಜನ್ನೆಲ್ಲ ಇಳಿಸಿ, ಅಳತೆಗೊಂದು ಅಟ್ಟಿಯಂತೆ ನೆಲದ ಮೇಲೆ ಮಲಗಿಸಿ, ಪ್ರತಿ ಅಟ್ಟಿಗೂ ಚೀಟಿ ಅಂಟಿಸಿದ. ಮನೆಗೆ ಬಂದು ಬೆನ್ನು ನೀವಿಕೊಳ್ಳುತ್ತಾ, “ಈಗ ಕಣ್ಣುಮುಚ್ಚಿ ಹೇಳಬಹುದು, ಯಾವುದು ಎಲ್ಲಿದೆ ಅಂತ,” ಎಂದ. ಹೆಂಡತಿ ಬಿಸಿನೀರು ಕಾಯಿಸಿಕೊಟ್ಟಳು.

ಮರುದಿನ ಮೇಸ್ತ್ರಿಯ ಕೈಕೆಳಗಿನವನು, ಎಲ್ಲರೂ ಗಿಡ್ಡ ಅನ್ನುತ್ತಿದ್ದವನು, ಅಟ್ಟಿಯ ಮಧ್ಯದಿಂದ ಒಂದು ಹಾಳೆ ಎಳೆದ. ಗಾಜನ್ನು ನಿಲ್ಲಿಸಿಯೇ ಇಡಬೇಕು, ಮಲಗಿಸಿದರೆ ಭಾರ ತಾಳದು; ಅದರ ಕೆಳಗಿನವು ಆಗಲೇ ಬಿರಿದಿದ್ದವು. ಒಂದರ ಹಿಂದೆ ಒಂದು ಲಟಲಟನೆ ಸೀಳಿದವು. ಗಿಡ್ಡ ಕೈ ಕೊಡವಿಕೊಂಡು ನಕ್ಕ. “ಯಜಮಾನ್ರು ಪಾಪ ಗಾಜಿಗೆ ಹಾಸಿಗೆ ಹಾಸಿ ಮಲಗಿಸಿದಾರೆ. ನಿಂತು ನಿಂತು ಕಾಲು ನೋಯ್ತಿತ್ತೇನೋ ಅವಕ್ಕೆ!” ಗಾಜು ಕೊಳ್ಳಲು ಬಂದಿದ್ದ ಇಬ್ಬರು ಗಿರಾಕಿಗಳೂ ನಕ್ಕರು.

ಅವನಿಗೆ ಮುಖಕ್ಕೆ ಬಿಸಿಯೇರಿತು. “ಎಳೆದವನು ನೀನು. ಒಡೆದದ್ದನ್ನ ನಿಮ್ಮಿಬ್ಬರ ಸಂಬಳದಲ್ಲಿ ಹಿಡೀತೀನಿ,” ಎಂದುಬಿಟ್ಟ.

ಮೇಸ್ತ್ರಿ ಜಗಳಗಂಟನಲ್ಲ, ಹಾಗಂತ ದೊಡ್ಡ ಮನುಷ್ಯನೂ ಅಲ್ಲ. ಹೆದ್ದಾರಿಯ ಬದಿಯ ದೊಡ್ಡ ಅಂಗಡಿಯವರು ಅವನನ್ನು ಆಗಲೇ ಕರೆದಿದ್ದರು. ಹೊರಡಲು ಒಂದು ನೆಪ ಬೇಕಿತ್ತು, ಸಿಕ್ಕಿತು. ಮೊಣಕಾಲವರೆಗಿನ ಚರ್ಮದ ಏಪ್ರನ್ ಬಿಚ್ಚಿ ಮಡಚಿ ಚೀಲಕ್ಕೆ ಹಾಕಿಕೊಂಡ. “ಹಿಡ್ಕೊಳ್ಳಿ ಯಜಮಾನ್ರೇ,” ಎಂದ, “ಸಂಬಳಾನೇ ಇಟ್ಕೊಳ್ಳಿ.” ಅವನ ಹಿಂದೆಯೇ ಗಿಡ್ಡನೂ ಹೋದ.

ಮನೆಯಲ್ಲಿ ಸ್ಟೋರ್‌ಕೀಪರ್, “ತೆಗೆದುಹಾಕಿದೆ ಇಬ್ಬರನ್ನೂ. ತಲೆ ಮೇಲೆ ಕೂತಿದ್ರು,” ಅಂದ.

ಬೇರೆಯವರು ಬಂದರು. ಒಬ್ಬ ಬಾಯಿಮಾತಿನಲ್ಲೇ ಗಾಜು ಕತ್ತರಿಸುವವನು. ಕಟರ್ ಹಿಡಿದರೆ ಕೈ ನಡುಗುತ್ತಿತ್ತು. ಇನ್ನೊಬ್ಬ ಮುಂಗಡ ತೆಗೆದುಕೊಂಡು ಹೋದವನು ತಿರುಗಿ ಮುಖ ತೋರಿಸಲಿಲ್ಲ. ಕೆಲಸ ಬಲ್ಲವರೆಲ್ಲ ಎಲ್ಲೋ ಒಂದು ಕಡೆ ಕೆಲಸದಲ್ಲಿದ್ದರು. ಗಿರಾಕಿಗಳು ಎರಡು ಸಲ ಬಂದು, ಮೂರನೆಯ ಸಲ ಬರುವುದನ್ನು ಬಿಟ್ಟರು.

ಒಂದು ಮಧ್ಯಾಹ್ನ ಟೈಲರಮ್ಮ ಊಟದ ಡಬ್ಬಿ ಹಿಡಿದು ಅಂಗಡಿಗೆ ಬಂದಾಗ, ಅವನು ಒಳಗಿನಿಂದ ಚಿಲಕ ಹಾಕಿಕೊಂಡಿದ್ದ. ತೆಗೆಸಿ ನೋಡಿದರೆ ಮೇಜಿನ ತುಂಬ, ಮೇಜಿನ ಕೆಳಗೆ, ಬರೀ ಚೂರು. ಅವನ ಹಣೆಯಲ್ಲಿ ಬೆವರು, ಹೆಬ್ಬೆರಳಿಗೆ ಚಿಂದಿ ಸುತ್ತಿತ್ತು.

“ಏನ್ರೀ ಇದು?”

“ಬರೀ ಒಂದು ಕಿಟಕಿ ಗಾಜು ಕಣೇ. ಬೆಳಗ್ಗಿಂದ.” ಅವನು ಒಂದು ಚೂರನ್ನು ಎತ್ತಿ ತೋರಿಸಿದ. “ಗೀರು ಹಾಕಿದ ಕಡೆ ಬಿಟ್ಟು ಬೇರೆಲ್ಲಾ ಕಡೆ ಒಡೆಯುತ್ತೆ.”

“ಎಷ್ಟು ಸಲ ಎಳೆದ್ರಿ ಗೀರು?”

“ಆಳವಾಗಿ ಬೀಳ್ಲಿ ಅಂತ ನಾಲ್ಕೈದು ಸಲ.”

“ಬಟ್ಟೆ ಮೇಲೆ ನಾಲ್ಕೈದು ಸಲ ಗೆರೆ ಎಳೆದರೆ ಕತ್ತರಿ ಯಾವ ಗೆರೆ ಹಿಡೀಬೇಕು? ಕೊಡಿ ಇಲ್ಲಿ.”

ಅವಳ ಮೊದಲನೆಯದು ಸೊಟ್ಟ ಬಂತು. ಎರಡನೆಯದು ತುದಿಯಲ್ಲಿ ಮುರಿಯಿತು. ಆಮೇಲಿನದಕ್ಕೆ ಅವಳು ಉಸಿರು ಹಿಡಿದು, ತೋಳನ್ನು ಭುಜದಿಂದಲೇ ಎಳೆದು, ಒಂದೇ ಗೀರು ಹಾಕಿದಳು. ರೇಷ್ಮೆ ಸೀಳಿದ ಹಾಗೆ ಸರ್ರನೆ ಸದ್ದಾಯಿತು. ಅದುಮಿದಾಗ ಗಾಜು ಗೆರೆಯುದ್ದಕ್ಕೂ ತೆರೆದುಕೊಂಡಿತು. ಅವಳಿಗೆ ತನ್ನಷ್ಟಕ್ಕೇ ನಗು ಬಂತು. ಅವನು ಆ ತುಂಡನ್ನು ಬೆಳಕಿಗೆ ಹಿಡಿದು, ಅಂಚಿನ ಮೇಲೆ ಕಣ್ಣೋಡಿಸಿ, “ಅಯ್ಯೋ ನಿನ್ನ!” ಎಂದ. ಮದುವೆಯಾದ ಹೊಸದರಲ್ಲಿ ಹಾಗೆ ಅನ್ನುತ್ತಿದ್ದ.

ಹಾಗೆ ಅವಳು ಗಾಜಿನ ಕೆಲಸಕ್ಕೆ ಬಿದ್ದಳು. ಬೆಳಗ್ಗೆ ಅಂಗಡಿ, ಸಂಜೆ ಹೊಲಿಗೆ ಅಂತ ಮೊದಲು ಹೇಳಿದಳು. ಕೆಲವೇ ದಿನಗಳಲ್ಲಿ ಸಂಜೆಯೂ ಅಂಗಡಿಯೇ ಆಯಿತು. ಮುಂದಿನ ಕೋಣೆಯಲ್ಲಿ ಕತ್ತರಿಸದ ಬಟ್ಟೆಯ ಗಂಟುಗಳು ಪೇರಿಕೊಂಡವು. ಶಾಲೆಯ ಯೂನಿಫಾರ್ಮ್ ಕೊಟ್ಟಿದ್ದ ತಾಯಂದಿರು ಬಾಗಿಲಲ್ಲಿ ನಿಂತು ಅಜ್ಜಿಯ ಹತ್ತಿರ ಗೊಣಗಿ ಹೋಗುತ್ತಿದ್ದರು. ಅಡುಗೆ ಅಜ್ಜಿಯ ಪಾಲಿಗೆ ಬಂತು. ಒಂದು ದಿನ ಬೇಳೆಗೆ ಉಪ್ಪು ಎರಡು ಸಲ ಬೀಳುತ್ತಿತ್ತು, ಇನ್ನೊಂದು ದಿನ ಬೀಳುತ್ತಲೇ ಇರಲಿಲ್ಲ. “ಎರಡೂ ದಿನದ್ದು ಬೆರೆಸಿ ತಿನ್ನಿ, ಸರಿಹೋಗುತ್ತೆ,” ಅನ್ನುತ್ತಿದ್ದಳು. ಪಾತ್ರೆ, ಬಟ್ಟೆ, ನೆಲ ಒರೆಸುವುದು ಮಗಳದು.

ಮಗಳು ಒಂದು ರಾತ್ರಿ ಪಾತ್ರೆ ತೊಳೆಯುತ್ತಾ ತಡೆಯಲಾರದೆ ಕೇಳಿಬಿಟ್ಟಳು. “ಅಮ್ಮಾ, ಅಂಗಡಿ ಕೊಂಡಿದ್ದು ಅವನು. ಕತ್ತರಿಸೋದು ನೀನ್ಯಾಕೆ?”

“ಬೇರೆ ಯಾರು ಕತ್ತರಿಸ್ತಾರೆ?”

“ಮುಚ್ಚಲಿ.”

“ಮುಚ್ಚಿದರೆ ನಿನ್ನಪ್ಪ ಮನೇಲಿ ಕೂತ್ಕೊಂಡು ಏನು ಮಾಡ್ತಾರೆ? ಕೆಲಸ ಹೋದಾಗ ಆರು ತಿಂಗಳು ಗೋಡೆ ನೋಡ್ತಾ ಕೂತಿದ್ದನ್ನ ನೀನೂ ನೋಡಿದೀಯ.”

“ನಿನ್ನ ಹೊಲಿಗೆ?”

“ಹೊಲಿಗೆ ಎಲ್ಲಿ ಓಡಿಹೋಗುತ್ತೆ ಬಿಡೇ.” ಆಮೇಲೆ ಸ್ವಲ್ಪ ನಾಚಿಕೊಂಡಂತೆ ಹೇಳಿದಳು. “ಇದೂ ಚೆನ್ನಾಗಿದೆ ಕಣೇ. ಬಟ್ಟೆ ತಪ್ಪಾದರೆ ಬಿಚ್ಚಿ ಹೊಲೀಬಹುದು. ಇದು ಹಾಗಲ್ಲ. ಸರಿ ಬಂದಾಗ ಎಷ್ಟು ಖುಷಿ ಆಗುತ್ತೆ ಗೊತ್ತಾ?”

ಖುಷಿ ಅವನಿಗೂ ಇತ್ತು. ಮಧ್ಯಾಹ್ನ ಮೇಜಿನ ಕಂಬಳಿಯ ಮೇಲೆ ಹಳೆಯ ಪೇಪರು ಹಾಸಿ ಇಬ್ಬರೂ ಎದುರುಬದುರು ಕೂತು ಉಣ್ಣುತ್ತಿದ್ದರು. ತಾಯಿ ಕಟ್ಟಿಕೊಟ್ಟ ಸೀದುಹೋದ ಆಲೂಗಡ್ಡೆಯನ್ನು ಅವನು ಅವಳ ಡಬ್ಬಿಯಿಂದ ಹೆಕ್ಕಿ ತನ್ನದಕ್ಕೆ ಹಾಕಿಕೊಳ್ಳುತ್ತಿದ್ದ. ಬಂದವರಿಗೆಲ್ಲ, “ನಮ್ಮನೆಯವರೇ ಕತ್ತರಿಸೋದು,” ಎಂದು ಹೇಳಿಕೊಳ್ಳುತ್ತಿದ್ದ. ಮೇಸ್ತ್ರಿ ಬಿಟ್ಟುಹೋದದ್ದೇ ಒಳ್ಳೆಯದಾಯಿತು ಅನ್ನುವಲ್ಲಿಗೆ ಅವನ ಮಾತು ಬಂದು ಮುಟ್ಟಿತ್ತು.

ಆ ಉಮೇದಿನಲ್ಲೇ ಅವನು ಡ್ಯಾನ್ಸ್ ಕ್ಲಾಸಿನ ಕೆಲಸ ಒಪ್ಪಿಕೊಂಡ. ಒಂದು ಇಡೀ ಗೋಡೆಗೆ, ನೆಲದಿಂದ ಆಳೆತ್ತರಕ್ಕೂ ಮೇಲೆ, ಕನ್ನಡಿ. ದಿನವನ್ನೂ ಗೊತ್ತುಮಾಡಿ ಮಾತು ಕೊಟ್ಟು, ಮನೆಗೆ ಬಂದು ಊಟಕ್ಕೆ ಕೂತು ಹೇಳಿದ.

ಟೈಲರಮ್ಮ ತುತ್ತನ್ನು ತಟ್ಟೆಗೆ ವಾಪಸ್ಸು ಹಾಕಿದಳು. “ನಾನು ಮಾಡಿರೋದು ಕಿಟಕಿ ಗಾಜು, ಫೋಟೋ ಗಾಜು. ಅಷ್ಟು ದೊಡ್ಡದನ್ನ ಮುಟ್ಟಿಯೂ ಗೊತ್ತಿಲ್ಲ ನನಗೆ.”

“ಕತ್ತರಿಸೋದು ಅದೇ ಅಲ್ವೇನೇ? ಗೀರು ಸ್ವಲ್ಪ ಉದ್ದ, ಅಷ್ಟೆ.”

“ಕತ್ತರಿಸೋದಲ್ರೀ. ಎತ್ತೋದು, ತಿರುಗಿಸೋದು. ಇನ್ನೊಂದು ತುದಿ ಯಾರು ಹಿಡೀತಾರೆ?”

“ನಾನಿಲ್ವಾ?”

“ನೀನು ಫೋನಿನ ಮೇಲೆ ಗಾಜು ಅಂಟಿಸೋಕೂ ಅಂಗಡಿಗೆ ಕೊಡ್ತೀಯ ಅಪ್ಪಾ,” ಎಂದಳು ಮಗಳು. “ಯಾರಾದ್ರೂ ಬಲ್ಲವರನ್ನ ಎರಡು ದಿನಕ್ಕೆ ಕರೆಸು. ಇಲ್ಲಾಂದ್ರೆ ಬೇಡ ಅನ್ನು.”

“ಕೊಟ್ಟ ಮಾತು ವಾಪಸ್ಸು ತಗೋಬೇಕಾ? ಈ ಮನೇಲಿ ನಾನು ಏನು ಮಾಡಿದರೂ ತಪ್ಪೇ!” ಅವನು ತಟ್ಟೆ ತಳ್ಳಿದ. ನೀರಿನ ಲೋಟ ಉರುಳಿತು.

ನೀರು ಮೇಜಿನ ಅಂಚಿನಿಂದ ತೊಟ್ಟಿಕ್ಕುತ್ತಿದ್ದಾಗ, ಯಾವತ್ತೂ ಮಗನನ್ನು ಹಂಗಿಸುತ್ತಿದ್ದ ಅಜ್ಜಿಯೇ ಅಂದಳು. “ಒಪ್ಕೊಂಡಾಗಿದೆ. ಒಂದ್ಸಲ ಮಾಡ್ಬಿಡಮ್ಮ. ನಿನ್ನ ಕೈ ಚೆನ್ನಾಗಿದೆ.”

ಟೈಲರಮ್ಮ ಅತ್ತೆಯ ಮುಖ ನೋಡಿದಳು. ಎದ್ದು ಬಟ್ಟೆ ತಂದು ನೀರು ಒರೆಸಿದಳು. “ಆಯ್ತು,” ಅಂದಳು.

ಕನ್ನಡಿಯ ಹಾಳೆಗಳು ಲಾರಿಯಲ್ಲಿ ಬಂದವು. ಲಾರಿಯವರೇ ಇಳಿಸಿ ಸ್ಟ್ಯಾಂಡಿಗೆ ಒರಗಿಸಿ ಹೋದರು. ಅವಳು ಮೊದಲ ದಿನ ಬರೀ ಅಳತೆ ಹಾಕಿದಳು. ಎರಡನೆಯ ದಿನ ಮೂರು ಕತ್ತರಿಸಿದಳು. ಮೂರೂ ಅವಳಿಗೇ ನಂಬಿಕೆ ಬಾರದಷ್ಟು ನೇರ ಬಂದವು. ಅಷ್ಟು ದೊಡ್ಡ ಕನ್ನಡಿಯಲ್ಲಿ ಗಂಡ ಹೆಂಡತಿ ಇಬ್ಬರೂ ಅಡಿಯಿಂದ ಮುಡಿಯವರೆಗೆ ಕಂಡರು. ಅವನು ಹೊಟ್ಟೆ ಒಳಗೆಳೆದುಕೊಂಡು ನಿಂತ, ಅವಳು ನಕ್ಕಳು.

ನಾಲ್ಕನೆಯದನ್ನು ಕತ್ತರಿಸಿ, ಮೇಜಿನಿಂದೆತ್ತಿ, ನೆಟ್ಟಗೆ ನಿಲ್ಲಿಸಿ ಸ್ಟ್ಯಾಂಡಿಗೆ ಒಯ್ಯಬೇಕಿತ್ತು. ಅವನು ಹಿಂದಕ್ಕೆ ಹೆಜ್ಜೆಯಿಡುತ್ತಿದ್ದ. ಲಾರಿಯವರು ಬಿಟ್ಟುಹೋದ ಮರದ ಪಟ್ಟಿಯೊಂದು ನೆಲದಲ್ಲಿ ಬಿದ್ದಿತ್ತು. ಹಿಮ್ಮಡಿ ಅದಕ್ಕೆ ತಾಗಿ, ಬೀಳದಿರಲು ಅವನು ತನ್ನ ತುದಿಯನ್ನು ತಟ್ಟನೆ ಮೇಲೆತ್ತಿದ. ಕನ್ನಡಿ ತಿರುಚಿಕೊಂಡಿತು. ಪಟಾರನೆ ಸದ್ದಾಗಿ ನಡುವೆ ಸೀಳಿತು, ಅವಳ ಕಡೆಯ ಅರ್ಧ ಕೆಳಗೆ ಜಾರಿತು.

ಗಾಜು ಜಾರಿದರೆ ಕೈಬಿಟ್ಟು ಹಿಂದಕ್ಕೆ ಹಾರಬೇಕು. ಆ ಕಸುಬಿನಲ್ಲಿ ಹೊಸಬರಿಗೆ ಎಲ್ಲಕ್ಕಿಂತ ಮೊದಲು ಹೇಳಿಕೊಡುವ ಮಾತು ಅದು. ಅವರಿಬ್ಬರಿಗೂ ಹೇಳಿಕೊಡುವವರು ಯಾರೂ ಇರಲಿಲ್ಲ. ಟೈಲರಮ್ಮ ಮೇಜಿನಿಂದ ಜಾರುವ ಬಟ್ಟೆಯನ್ನು ಜೀವಮಾನವಿಡೀ ಹಿಡಿದವಳು. ಹಿಡಿದಳು.

ಮೊದಲು ನೋವೇ ಆಗಲಿಲ್ಲವಂತೆ. “ಹೋಯ್ತಲ್ರೀ ಕನ್ನಡಿ,” ಅಂದಳಂತೆ. ಆಮೇಲೆ ಬಲಗೈಯನ್ನು ನೋಡಿಕೊಂಡಳು.

ಆಸ್ಪತ್ರೆಯ ಡಾಕ್ಟರು ತರುಣ. ಮಾತು ಮೆತ್ತಗೆ. “ಬೆರಳು ಮಡಚೋ ಹುರಿಗಳು ಅಂಗೈಯಲ್ಲಿ ಪೂರ್ತಿ ತುಂಡಾಗಿವೆ. ಜೋಡಿಸಿದೀವಿ. ಹೆಬ್ಬೆರಳು, ತೋರುಬೆರಳಿಗೆ ಏನೂ ಆಗಿಲ್ಲ. ಉಳಿದವು ಎಷ್ಟು ಬಗ್ಗುತ್ತವೆ ಅನ್ನೋದನ್ನ ಈಗಲೇ ಹೇಳೋಕಾಗಲ್ಲ. ಕೆಲಸ ಏನು ಮಾಡ್ತಾರೆ ಇವರು?”

“ಗಾಜು ಕತ್ತರಿಸ್ತಾಳೆ,” ಅಂದ ಸ್ಟೋರ್‌ಕೀಪರ್.

“ಬಟ್ಟೆ ಹೊಲೀತಾಳೆ,” ಅಂದಳು ಮಗಳು, ಅಪ್ಪನ ಮುಖವನ್ನೇ ನೋಡುತ್ತಾ.

ಡಾಕ್ಟರು ಎರಡಕ್ಕೂ ತಲೆಯಾಡಿಸಿದರು.

ಪಟ್ಟಿ ಬಿಚ್ಚಿದ ಮೇಲೆ ದಿನಾ ಕೈಗೆ ವ್ಯಾಯಾಮ ಮಾಡಿಸಲು ಆಸ್ಪತ್ರೆಗೆ ಹೋಗಬೇಕಾಯಿತು. ಮೆತ್ತನೆಯ ಚೆಂಡನ್ನು ಹಿಡಿ ಅನ್ನುತ್ತಿದ್ದರು. ಚೆಂಡು ಉರುಳಿ ಬೀಳುತ್ತಿತ್ತು. ಮೂರು ಬೆರಳುಗಳು ಅರ್ಧ ಬಾಗಿ, ಏನನ್ನೋ ಬೇಡುವ ಹಾಗೆ ನಿಂತುಬಿಟ್ಟವು. ಅವುಗಳ ತುದಿಯಲ್ಲಿ ಬಿಸಿ ಯಾವುದು, ತಣ್ಣಗಿನದು ಯಾವುದು ಎಂಬುದೂ ತಿಳಿಯುತ್ತಿರಲಿಲ್ಲ.

ಬಟ್ಟೆ ಕೊಟ್ಟವರು ಒಬ್ಬೊಬ್ಬರಾಗಿ ಬಂದರು. ಎಲ್ಲರೂ ಒಳ್ಳೆಯವರೇ. ಕೂತು, ಕೈ ನೋಡಿ, ಲೊಚಗುಟ್ಟಿ, ಟೀ ಕುಡಿದು, ಹೊರಡುವಾಗ ಮಾತ್ರ ತಡವರಿಸುತ್ತಿದ್ದರು.

“ಅವಸರ ಏನಿಲ್ಲ ಟೈಲರಮ್ಮ. ಆದ್ರೆ ಶಾಲೆ ಶುರುವಾಯ್ತಲ್ಲ, ಮಗು ಹಳೇ ಅಂಗಿಯಲ್ಲೇ ಹೋಗ್ತಿದೆ…”

“ತಗೊಂಡು ಹೋಗಿ. ಎಡಗಡೆ ಕಪಾಟಿನಲ್ಲಿ ಮೂರನೇ ಗಂಟು. ನೀಲಿ ದಾರ ಕಟ್ಟಿದ್ದು.”

ಅವಳಿಗೆ ಎಲ್ಲ ಗಂಟೂ ನೆನಪಿತ್ತು. ಕೂತಲ್ಲಿಂದಲೇ ಹೇಳುತ್ತಿದ್ದಳು, ಮಗಳು ತೆಗೆದುಕೊಡುತ್ತಿದ್ದಳು. ಕಪಾಟು ಬರಿದಾದ ದಿನ ಮಗಳು ಅದರ ಬಾಗಿಲು ಮುಚ್ಚಿ, ಅಡುಗೆಮನೆಗೆ ಹೋಗಿ ಅಪ್ಪನ ಮೇಲೆ ಎಗರಿದಳು.

“ನಿನಗೆ ಕುರ್ಚಿ ಬೇಕಿತ್ತು, ಅಷ್ಟೇ! ಕೂತ್ಕೊಳ್ಳೋಕೆ ಒಂದು ಕುರ್ಚಿ! ಅದಕ್ಕೆ ಅಮ್ಮನ ಕೈಯನ್ನೇ ಬೆಲೆ ಕೊಟ್ಟೆ.”

ಅವನು ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದ. ಈಗ ಅಡುಗೆ ಅವನದೇ. “ಹೌದು,” ಎಂದ.

“ಹೌದು ಅಂತ ಅನ್ನಬೇಡ! ಹೌದು ಅಂದ್ರೆ ನಾನು ಮುಂದೆ ಏನು ಮಾತಾಡಲಿ?”

ಅವನು ಸಿಪ್ಪೆ ತೆಗೆಯುತ್ತಲೇ ಇದ್ದ. ತೆಗೆದು ತೆಗೆದು ಗೆಡ್ಡೆ ಗೋಲಿಯಷ್ಟಾಯಿತು. ಮಗಳು ಅದನ್ನು ಅವನ ಕೈಯಿಂದ ಕಿತ್ತುಕೊಂಡು ಮೂಲೆಗೆ ಎಸೆದು ಹೊರಗೆ ಹೋದಳು. ಅವತ್ತಿನಿಂದ ಅವಳು ಅಪ್ಪನ ಹತ್ತಿರ ಮಾತು ಬಿಟ್ಟಳು. ಉಪ್ಪು ಬೇಕಾದರೆ ಅಜ್ಜಿಯನ್ನು ಕೇಳುತ್ತಿದ್ದಳು.

ಅಜ್ಜಿಯ ಬಾಯಿಯೂ ಕಟ್ಟಿಹೋಗಿತ್ತು. ಬಾಗಿಲ ಪಕ್ಕ ಕೂರುವುದನ್ನು ಬಿಟ್ಟು ಸೊಸೆಯ ಮಂಚದ ಕಾಲಬಳಿ ಕೂರತೊಡಗಿದಳು. ಒಂದು ಸಂಜೆ, ಸೊಸೆಗೆ ಹಾಲು ಕುಡಿಸುತ್ತಾ, “ಮಾಡ್ಬಿಡಮ್ಮ ಅಂದವಳು ನಾನು,” ಎಂದಳು.

“ನೀವು ಅಂದ್ರಿ ಅಂತ ಮಾಡ್ಲಿಲ್ಲ ಅತ್ತೆ.”

“ಮತ್ತೆ? ಅವನು ಕೂಗಾಡ್ದ ಅಂತ ಮಾಡಿದ್ಯಾ?”

ಟೈಲರಮ್ಮ ತನ್ನ ಬಗ್ಗದ ಬೆರಳುಗಳನ್ನು ನೋಡಿಕೊಂಡಳು. “ನನಗೆ ಬರುತ್ತೆ ಅಂತ ಅನ್ನಿಸಿತ್ತು,” ಎಂದಳು.

ಅಜ್ಜಿ ಲೋಟ ಕೆಳಗಿಟ್ಟು ಸೊಸೆಯ ಬಾಯಿಯನ್ನು ತನ್ನ ಬಟ್ಟೆಯ ತುದಿಯಿಂದ ಒರೆಸಿದಳು. ಆಮೇಲೆ ತನ್ನ ಕಣ್ಣನ್ನೂ.

ಅಂಗಡಿಗೆ ಬೀಗ ಬಿದ್ದು ನಾಲ್ಕೈದು ತಿಂಗಳಾದ ಮೇಲೆ ಮೇಸ್ತ್ರಿ ಮನೆಗೆ ಬಂದ, ಒಂದು ಚೀಲ ಸೇಬು ಹಿಡಿದುಕೊಂಡು. ಚಪ್ಪಲಿ ಬಾಗಿಲಾಚೆ ಬಿಟ್ಟು, ಕುರ್ಚಿಯ ಅಂಚಿನಲ್ಲಿ ಕೂತ. ಹೆದ್ದಾರಿಯ ಅಂಗಡಿಯವನೂ ಅವನೂ ಪಾಲುದಾರರಾಗಿ ಹಳೆಯ ಅಂಗಡಿಯನ್ನು ತೆಗೆದುಕೊಳ್ಳುವ ಯೋಚನೆಯಲ್ಲಿದ್ದರು. ಅವನು ಹೇಳಿದ ಬೆಲೆ, ಸ್ಟೋರ್‌ಕೀಪರ್ ಕೊಟ್ಟದ್ದರಲ್ಲಿ ಅರ್ಧವೂ ಇರಲಿಲ್ಲ. ಕೊಸರಾಡಲು ಯಾರಿಗೂ ಶಕ್ತಿ ಉಳಿದಿರಲಿಲ್ಲ.

“ಬಾಗಿಲಲ್ಲಿ ಕೂತು ಗಿರಾಕಿಗಳ ಅಳತೆ ಬರ್ಕೊಳ್ಳೋಕೆ ಒಬ್ಬರು ಬೇಕು,” ಎಂದ ಮೇಸ್ತ್ರಿ, ಕೊಂಚ ಅಳುಕುತ್ತಾ. “ಯಜಮಾನ್ರಿಗೆ ಬೇಜಾರಿಲ್ಲದಿದ್ರೆ… ಸಂಬಳಕ್ಕೆ.”

ಸ್ಟೋರ್‌ಕೀಪರ್ ತಲೆಯೆತ್ತಲಿಲ್ಲ. ತಿಂಗಳುಗಟ್ಟಲೆ ಅವನೊಂದಿಗೆ ಮಾತಾಡದಿದ್ದ ಮಗಳು ಒಳಗಿನಿಂದಲೇ ಅಂದಳು. “ಬರ್ತಾನೆ. ಸೋಮವಾರದಿಂದ ಬರ್ತಾನೆ.”

ಮೇಸ್ತ್ರಿ ಎದ್ದವನು ಏನೋ ಜ್ಞಾಪಿಸಿಕೊಂಡು ಟೈಲರಮ್ಮನ ಕಡೆ ತಿರುಗಿದ. ಅವಳಿಗೆ ಸಂತೋಷವಾಗಲಿ ಅಂತಲೇ ಅವನು ಹೇಳಿದ್ದು. “ಆ ಡ್ಯಾನ್ಸ್ ಕ್ಲಾಸಿನ ಕೆಲಸ ಆಮೇಲೆ ನಮಗೇ ಬಂತಮ್ಮ. ನೀವು ಕತ್ತರಿಸಿಟ್ಟಿದ್ದ ಮೂರನ್ನೂ ಅವರು ನಿಮ್ಮ ಅಂಗಡಿಯಿಂದ ಎತ್ತಿಸಿಕೊಂಡು ಹೋಗಿದ್ರು, ಅವನ್ನ ಹಾಗೇ ಕೂರಿಸಿದೆ. ನೂಲಿನಷ್ಟೂ ಆಚೀಚೆ ಇಲ್ಲ. ಎಷ್ಟು ವರ್ಷದಿಂದ ಮಾಡ್ತಿದ್ರಿ ಅಂತ ನಮ್ಮ ಗಿಡ್ಡ ಕೇಳ್ದ.”

“ಹೌದಾ?” ಅಂದಳು ಅವಳು. ಅವನು ಹೋದ ಮೇಲೆ ಗೋಡೆಯ ಕಡೆ ತಿರುಗಿ ಮಲಗಿದಳು. ರಾತ್ರಿ ಊಟಕ್ಕೆ ಏಳಲಿಲ್ಲ.

ಸೋಮವಾರ ಬಂತು. ಬೆಳಗ್ಗೆ ಚಳಿಯಿತ್ತು. ಅಂಗಡಿಗೆ ಹೋಗುವ ಮೊದಲು ಅವನು ಹೆಂಡತಿಯನ್ನು ಆಸ್ಪತ್ರೆಯ ಬಸ್ಸು ಹತ್ತಿಸಬೇಕಿತ್ತು. ಟೀ ಮಾಡಿ, ಬ್ರೆಡ್ ಸುಟ್ಟು, ಚೂರು ಮಾಡಿ ತಟ್ಟೆಗೆ ಹಾಕಿಕೊಟ್ಟ. ಅವಳು ಎಡಗೈಯಿಂದ ತಿಂದಳು. ಅವನು ಎದುರಿಗೆ ನಿಂತೇ ಇದ್ದ.

“ಏನಾದ್ರೂ ಅನ್ನು,” ಎಂದ ಕೊನೆಗೆ. “ಮಗಳು ಅಂದಳು, ಬೀದಿಯವರು ಅಂದರು. ನೀನು ಇವತ್ತಿನವರೆಗೂ ಒಂದು ಮಾತು ಅಂದಿಲ್ಲ. ಬೈದುಬಿಡು ಮಾರಾಯ್ತಿ ಒಂದ್ಸಲ.”

“ಬೈದರೆ ನಿಮಗೆ ಹಗುರಾಗುತ್ತೆ.”

“ಆಗಲಿ ಬಿಡು. ಅಷ್ಟಾದ್ರೂ…”

“ನನಗೇನಾಗುತ್ತೆ?”

ಅವಳು ಎದ್ದು ನಿಂತಳು. ಹೆಗಲ ಮೇಲೆ ಹಾಕಿಕೊಂಡಿದ್ದ ಸ್ವೆಟರಿನ ಎರಡೂ ಅಂಚುಗಳನ್ನು ಎಡಗೈಯಿಂದ ಕೂಡಿಸಿ ಹಿಡಿದಳು.

“ಗುಂಡಿ ಹಾಕಿ. ಬಸ್ಸಿಗೆ ಹೊತ್ತಾಯ್ತು.”

ಅವನು ಬಗ್ಗಿ ಕೆಳಗಿನ ಗುಂಡಿಯಿಂದ ಶುರುಮಾಡಿದ. ಗುಂಡಿ ಚಿಕ್ಕವು, ತೂತು ಬಿಗಿ. ಅವನ ದಪ್ಪ ಬೆರಳಿಗೆ ಸಿಗುತ್ತಿರಲಿಲ್ಲ. ಒಂದು ತಪ್ಪಿಹೋಯಿತು, ಬಿಚ್ಚಿ ಮತ್ತೆ ಹಾಕಿದ. ಅವಳು ಅವನ ತಲೆಯ ಮೇಲಿಂದ ತೆರೆದ ಬಾಗಿಲಾಚೆ ಬೀದಿಯನ್ನು ನೋಡುತ್ತಾ, ಅವನು ಮುಗಿಸಲಿ ಅಂತ ಕಾದು ನಿಂತಳು.